ಪ್ರತಿ ಕೂಸಿನ ಲೆಕ್ಕ ತಾಯಿಯ ಊರಿಗೆ ಸೇರಲಿ: ದೇವರಗುಡ್ಡದಿಂದ ಹಕ್ಕೊತ್ತಾಯ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಹಾವೇರಿ
ಮಾನ್ಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳು, ಜಿಲ್ಲಾ ಪಂಚಾಯಿತಿ, ಹಾವೇರಿ
ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಹಾವೇರಿ
ಮಾನ್ಯ ಜನನ ಮರಣಗಳ ಮುಖ್ಯ ನೋಂದಣಾಧಿಕಾರಿಗಳು, ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ, ಬೆಂಗಳೂರು

ಇಂದ: ದೇವರಗುಡ್ಡ ಹಾಗೂ ಸುತ್ತಲಿನ ರಾಣೆಬೆನ್ನೂರು, ಹಾವೇರಿ, ಬ್ಯಾಡಗಿ ತಾಲ್ಲೂಕುಗಳ ನಾಗರಿಕರು

ವಿಷಯ: ನಮ್ಮ ತಾಲ್ಲೂಕುಗಳ ಶಿಶು ಮರಣ ದರವನ್ನು ಪ್ರಾಮಾಣಿಕವಾಗಿ ಎಣಿಸಿ, ವರ್ಷದಿಂದ ವರ್ಷಕ್ಕೆ ಹೋಲಿಸಿ ನೋಡುವಂತೆ ಪ್ರಕಟಿಸುವ ಬಗ್ಗೆ.

ಮಾನ್ಯರೇ,

ದಸರೆಯ ಹೊತ್ತಿಗೆ ಮಾಲತೇಶನ ಸನ್ನಿಧಿಯಲ್ಲಿ ಗೊರವಯ್ಯ ಬಿಲ್ಲೇರಿ ನುಡಿಯುವ ಕಾರ್ಣಿಕ ಕೇಳಲು ದೇವರಗುಡ್ಡಕ್ಕೆ ಸಾವಿರಾರು ಜನ ಬರುತ್ತಾರೆ. ಬರುವ ವರ್ಷದ ಮಳೆ ಬೆಳೆ ಹೇಗೆ ಎಂಬುದು ಎಲ್ಲರ ಪ್ರಶ್ನೆ. ಈ ಪತ್ರದಲ್ಲಿ ನಾವು ಕೇಳುತ್ತಿರುವುದು ಸಂದುಹೋದ ವರ್ಷಗಳ ಲೆಕ್ಕ. ನಮ್ಮ ಊರುಗಳಲ್ಲಿ ಹುಟ್ಟಿದ ಮಕ್ಕಳಲ್ಲಿ ಮೊದಲ ಹುಟ್ಟುಹಬ್ಬ ಕಾಣದೆ ಹೋದವರೆಷ್ಟು? ಹತ್ತು, ಇಪ್ಪತ್ತು ವರ್ಷದ ಹಿಂದಿನದಕ್ಕೆ ಹೋಲಿಸಿದರೆ ಅದು ಇಳಿದಿದೆಯೇ? ಇಳಿದಿದ್ದರೆ ಯಾರ ಮನೆಗಳಲ್ಲಿ ಇಳಿದಿದೆ, ಯಾರ ಮನೆಗಳಲ್ಲಿ ಇಳಿದಿಲ್ಲ?

ರಾಜ್ಯದ ಸಾಧನೆಯನ್ನು ನಾವು ಮನಸಾರೆ ಒಪ್ಪುತ್ತೇವೆ. ಕೇಂದ್ರದ ಮಾದರಿ ನೋಂದಣಿ ವ್ಯವಸ್ಥೆಯ ಪ್ರಕಾರ 1971ರಲ್ಲಿ ಕರ್ನಾಟಕದಲ್ಲಿ ಜೀವಂತ ಹುಟ್ಟಿದ ಪ್ರತಿ 1,000 ಮಕ್ಕಳಲ್ಲಿ 95 ಮಕ್ಕಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 2001ರಲ್ಲಿ ಆ ಸಂಖ್ಯೆ 58, 2011ರಲ್ಲಿ 35, 2020ರಲ್ಲಿ 19. ಇದೇ ಅವಧಿಯಲ್ಲಿ ದೇಶದ ದರ 129ರಿಂದ 28ಕ್ಕೆ ಇಳಿಯಿತು. ಲಸಿಕೆ, ಆಸ್ಪತ್ರೆ ಹೆರಿಗೆ, ಹೆಣ್ಣುಮಕ್ಕಳ ಓದು, ಆಶಾ ಕಾರ್ಯಕರ್ತೆಯರ ದುಡಿಮೆ ಎಲ್ಲವೂ ಇದರಲ್ಲಿ ಸೇರಿವೆ.

ಆದರೆ ಆ 19ರಲ್ಲಿ ನಮ್ಮ ಊರು ಎಲ್ಲಿದೆ? ಮಾದರಿ ನೋಂದಣಿ ವ್ಯವಸ್ಥೆ ರಾಜ್ಯದ ದರ ಹೇಳುತ್ತದೆ, ಜಿಲ್ಲೆಯದನ್ನು ಹೇಳುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಜಿಲ್ಲಾ ಪಟ್ಟಿಯಲ್ಲೂ ಶಿಶು ಮರಣ ದರ ಇಲ್ಲ. ಉಳಿಯುವುದು ಜನನ ಮರಣ ನೋಂದಣಿ ಮತ್ತು ಆರೋಗ್ಯ ಇಲಾಖೆಯ ತಿಂಗಳ ವರದಿ. ಅವೆರಡನ್ನೂ ಸರಿಪಡಿಸಿದರೆ ನಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ. ಅದಕ್ಕಾಗಿ ಈ ಕೆಳಗಿನ ಹಕ್ಕೊತ್ತಾಯಗಳನ್ನು ಮಂಡಿಸುತ್ತಿದ್ದೇವೆ.

1. ಜನನವೂ ಮರಣವೂ ತಾಯಿ ವಾಸಿಸುವ ಊರಿನ ಲೆಕ್ಕಕ್ಕೆ ಸೇರಬೇಕು.

1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಘಟನೆ ನಡೆದ ಜಾಗದಲ್ಲಿ ನೋಂದಣಿ ಆಗುತ್ತದೆ. ನಮ್ಮ ಕಡೆಯ ಪದ್ಧತಿ ನೋಡಿ: ಚೊಚ್ಚಲ ಹೆರಿಗೆ ತವರಿನಲ್ಲಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿ ಮಾಡುವ ಒಬ್ಬ ಹೆಣ್ಣುಮಗಳು ಏಳನೇ ತಿಂಗಳಿಗೆ ದೇವರಗುಡ್ಡದ ಹತ್ತಿರದ ತವರಿಗೆ ಬಂದಳು ಎಂದಿಟ್ಟುಕೊಳ್ಳಿ. ಹೆರಿಗೆ ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿ ಆಯಿತು. ತೂಕ ಕಡಿಮೆ ಇರುವ ಕೂಸಿಗೆ ಉಸಿರಾಟದ ತೊಂದರೆ ಕಾಣಿಸಿತು, ಆಂಬುಲೆನ್ಸ್‌ನಲ್ಲಿ ದಾವಣಗೆರೆಗೆ ಒಯ್ದರು. ನಾಲ್ಕನೇ ದಿನ ಕೂಸು ಅಲ್ಲಿ ತೀರಿಕೊಂಡಿತು. ಜನನ ರಾಣೆಬೆನ್ನೂರಿನ ಪುಸ್ತಕದಲ್ಲಿ, ಮರಣ ದಾವಣಗೆರೆಯ ಪುಸ್ತಕದಲ್ಲಿ. ತಾಯಿ ವರ್ಷವಿಡೀ ದುಡಿದು ಬಾಳುವ ಬ್ಯಾಡಗಿಯ ಪುಸ್ತಕದಲ್ಲಿ ಏನೂ ಇಲ್ಲ. ಹೀಗೆ ಹಾವೇರಿಯ ಕೂಸುಗಳ ಸಾವು ದಾವಣಗೆರೆ, ಹುಬ್ಬಳ್ಳಿಗಳ ಹೆಸರಿಗೆ ಬಿದ್ದಾಗ ನಮ್ಮ ದರ ಸುಳ್ಳಾಗಿ ತಗ್ಗುತ್ತದೆ, ಆ ನಗರಗಳದ್ದು ಸುಳ್ಳಾಗಿ ಏರುತ್ತದೆ. ಆಸ್ಪತ್ರೆಗೆ ಒಯ್ಯುವುದು ಹೆಚ್ಚಿದಷ್ಟೂ ಈ ದೋಷವೂ ಹೆಚ್ಚುವುದರಿಂದ ಹಿಂದಿನ ದಶಕದ ಜತೆಗಿನ ಹೋಲಿಕೆಯೂ ಕೆಡುತ್ತದೆ. ನೋಂದಣಿ ನಮೂನೆಯಲ್ಲಿ ಬರೆಸುವ ತಾಯಿಯ ವಾಸಸ್ಥಳವನ್ನೇ ಆಧಾರವಾಗಿಟ್ಟು, ಪ್ರತಿ ಜನನ ಮರಣದ ಮಾಹಿತಿ ಆ ಗ್ರಾಮ ಪಂಚಾಯಿತಿಗೆ ತಾನಾಗಿ ತಲುಪುವ ವ್ಯವಸ್ಥೆ ಮಾಡಬೇಕು.

2. ಒಂದೇ ಒಂದು ಉಸಿರು ಎಳೆದ ಕೂಸನ್ನೂ ಜೀವಂತ ಜನನ ಎಂದೇ ಬರೆಯಬೇಕು.

ಹುಟ್ಟಿ ಕೆಲವೇ ನಿಮಿಷ ಬದುಕಿದ ಕೂಸನ್ನು ‘ಸತ್ತು ಹುಟ್ಟಿದ್ದು’ ಎಂದು ಬರೆದರೆ ಶಿಶು ಮರಣ ಪಟ್ಟಿಯಿಂದ ಒಂದು ಸಾವು ಮಾಯವಾಗುತ್ತದೆ. ಕಾಯ್ದೆ ಸ್ಪಷ್ಟವಾಗಿದೆ: ಜೀವದ ಲಕ್ಷಣ ಕಂಡಿದ್ದರೆ ಅದು ಜನನ. ಆಗ ಜನನದ ನಮೂನೆ 1, ಮರಣದ ನಮೂನೆ 2 ಎರಡನ್ನೂ ತುಂಬಬೇಕು. ಸತ್ತು ಹುಟ್ಟಿದ್ದಕ್ಕಷ್ಟೇ ನಮೂನೆ 3. ಸರ್ಕಾರಿ, ಖಾಸಗಿ ಎರಡೂ ಬಗೆಯ ಹೆರಿಗೆ ಕೋಣೆಗಳಲ್ಲಿ ಈ ನಿಯಮವನ್ನು ಗೋಡೆಗೆ ಅಂಟಿಸಿ, ಸಿಬ್ಬಂದಿಗೆ ತರಬೇತಿ ಕೊಡಬೇಕು.

3. ಮನೆಯಲ್ಲಿ, ಹೊಲದ ಬದುವಿನಲ್ಲಿ ಮುಗಿದುಹೋಗುವ ಸಾವುಗಳು ಪುಸ್ತಕಕ್ಕೆ ಬರಬೇಕು.

ಹಿರಿಯರು ತೀರಿಕೊಂಡರೆ ಹೊಲದ ಖಾತೆ ಬದಲಿಸಲು, ಪಿಂಚಣಿ ಪಡೆಯಲು ಮರಣ ಪ್ರಮಾಣಪತ್ರ ಬೇಕು. ಹದಿನೈದು ದಿನದ ಕೂಸಿನ ಮರಣ ಪತ್ರ ಯಾವ ಕಚೇರಿಯಲ್ಲೂ ಯಾರಿಗೂ ಬೇಕಾಗುವುದಿಲ್ಲ. ಹಾಗಾಗಿ ದುಃಖದಲ್ಲಿರುವ ಮನೆಯವರು ಹೊಲದ ಮೂಲೆಯಲ್ಲಿ ಮಣ್ಣು ಮಾಡಿ ಬರುತ್ತಾರೆ, ಪಂಚಾಯಿತಿಗೆ ಹೋಗುವುದಿಲ್ಲ. 21 ದಿನದೊಳಗೆ ತಿಳಿಸಬೇಕೆಂಬ ನಿಯಮದ ಭಾರವನ್ನು ಹಸಿ ಬಾಣಂತಿಯ ಮೇಲೆ ಹೊರಿಸದೆ, ಪಂಚಾಯಿತಿಯೇ ಮನೆಬಾಗಿಲಿಗೆ ಹೋಗಿ ದಾಖಲಿಸಬೇಕು. ಲಂಬಾಣಿ ತಾಂಡಾಗಳು, ಕೆಲಸಕ್ಕಾಗಿ ಗುಳೆ ಹೋಗುವ ಕುಟುಂಬಗಳು, ಕುರಿ ಹಿಂಡಿನ ಜತೆ ಊರೂರು ಅಲೆಯುವವರ ಕಡೆ ವಿಶೇಷ ಗಮನ ಕೊಡಬೇಕು.

4. ಮೂರು ಪುಸ್ತಕಗಳನ್ನು ಪ್ರತಿ ತಿಂಗಳು ಎದುರುಬದುರು ಇಟ್ಟು ತಾಳೆ ನೋಡಬೇಕು.

ಆಶಾ ಕಾರ್ಯಕರ್ತೆ ಹೆರಿಗೆಯ ನಂತರ 3, 7, 14, 21, 28 ಮತ್ತು 42ನೇ ದಿನ ಮನೆಗೆ ಹೋಗುತ್ತಾಳೆ. ಕೂಸನ್ನು ಜೋಲಿ ತಕ್ಕಡಿಯಲ್ಲಿ ತೂಗುತ್ತಾಳೆ, ಮೈ ಬಿಸಿ ನೋಡುತ್ತಾಳೆ, ಒಂದು ನಿಮಿಷ ಪೂರ್ತಿ ಉಸಿರು ಎಣಿಸುತ್ತಾಳೆ. ಉಸಿರು 60 ಮುಟ್ಟಿದರೆ ಅಪಾಯ ಎಂದು ಅವಳಿಗೆ ಗೊತ್ತು. ಅವಳದೊಂದು ಪುಸ್ತಕ, ಅಂಗನವಾಡಿಯಲ್ಲಿ ಇನ್ನೊಂದು, ಪಂಚಾಯಿತಿಯಲ್ಲಿ ಮತ್ತೊಂದು. ಮೂರರಲ್ಲೂ ಇರುವ ಹೆಸರೆಷ್ಟು, ಒಂದರಲ್ಲಿ ಮಾತ್ರ ಇರುವುದೆಷ್ಟು ಎಂದು ನೋಡಿದರೆ ಬಿಟ್ಟುಹೋದವು ತಾವೇ ಕಾಣುತ್ತವೆ. ಮಾದರಿ ನೋಂದಣಿ ವ್ಯವಸ್ಥೆ ನಿಂತಿರುವುದೂ ಇದೇ ತತ್ವದ ಮೇಲೆ: ಒಬ್ಬರು ವರ್ಷವಿಡೀ ಬರೆಯುತ್ತಾರೆ, ಇನ್ನೊಬ್ಬರು ಆರು ತಿಂಗಳಿಗೊಮ್ಮೆ ಬೇರೆಯಾಗಿ ಬಂದು ಕೇಳುತ್ತಾರೆ, ಹೊಂದದಿದ್ದನ್ನು ಮತ್ತೆ ಮನೆಗೆ ಹೋಗಿ ಪರಿಶೀಲಿಸುತ್ತಾರೆ.

5. ಸಾವಿನ ಸಂಖ್ಯೆಯ ಜತೆ ಜನನದ ಸಂಖ್ಯೆಯನ್ನೂ ಹೇಳಬೇಕು.

‘ಹಿಂದೆ ಇಷ್ಟು ಸಾವು, ಈಗ ಇಷ್ಟೇ’ ಎಂಬ ಹೇಳಿಕೆಯಿಂದ ಏನೂ ತಿಳಿಯುವುದಿಲ್ಲ. ರಾಜ್ಯದಲ್ಲಿ 1,000 ಜನಸಂಖ್ಯೆಗೆ ಜನನ 1971ರಲ್ಲಿ 31.7 ಇದ್ದದ್ದು 2020ರಲ್ಲಿ 16.5ಕ್ಕೆ ಬಂದಿದೆ. ಹುಟ್ಟುವವರೇ ಕಡಿಮೆಯಾದಾಗ ಆರೈಕೆ ಒಂದಿಷ್ಟೂ ಸುಧಾರಿಸದಿದ್ದರೂ ಸಾವಿನ ಸಂಖ್ಯೆ ಇಳಿಯುತ್ತದೆ. ಸಾವಿನ ಸಂಖ್ಯೆಯನ್ನು ಜನನದ ಸಂಖ್ಯೆಯಿಂದ ಭಾಗಿಸಿ ದರವಾಗಿಯೇ ಹೇಳಬೇಕು.

6. ಸಣ್ಣ ಊರಿನ ದರವನ್ನು ಒಂದು ವರ್ಷದ ಮೇಲೆ ಅಳೆಯಬಾರದು.

ಒಂದು ಪಂಚಾಯಿತಿಯಲ್ಲಿ ವರ್ಷಕ್ಕೆ 80 ಹೆರಿಗೆ ಎಂದುಕೊಳ್ಳೋಣ. ಒಂದು ಕೂಸು ಹೋದರೆ ದರ 12.5. ಎರಡು ಹೋದರೆ 25. ಒಂದೂ ಹೋಗದಿದ್ದರೆ ಸೊನ್ನೆ. ಸೊನ್ನೆ ಬಂದ ವರ್ಷ ಸನ್ಮಾನ, 25 ಬಂದ ವರ್ಷ ನೋಟಿಸ್ ಎರಡೂ ಅನ್ಯಾಯ. ರಾಜ್ಯದ ಮಟ್ಟದಲ್ಲೂ ಎರಡೇ ವರ್ಷಗಳನ್ನು ಆಯ್ದುಕೊಂಡರೆ ದಾರಿ ತಪ್ಪುತ್ತದೆ: ಕರ್ನಾಟಕದ ದರ 1981ರಲ್ಲಿ 69, 1991ರಲ್ಲಿ 77. ಅಷ್ಟನ್ನೇ ನೋಡಿದವರು ಮಕ್ಕಳ ಸ್ಥಿತಿ ಕೆಡುತ್ತಲೇ ಹೋಯಿತು ಎನ್ನುತ್ತಾರೆ. 1971ರಿಂದ 2020ರವರೆಗಿನ ಪೂರ್ತಿ ಸಾಲು ನೋಡಿದವರಿಗೆ ಇಳಿಕೆ ಕಾಣುತ್ತದೆ. ಸಣ್ಣ ರಾಜ್ಯಗಳಿಗೆ ಕೇಂದ್ರವೇ ಮೂರು ವರ್ಷದ ಸರಾಸರಿ ಕೊಡುತ್ತದೆ. ಅದರಂತೆ ತಾಲ್ಲೂಕಿಗೆ ಮೂರು ವರ್ಷದ, ಗ್ರಾಮ ಪಂಚಾಯಿತಿಗೆ ಐದು ವರ್ಷದ ಒಟ್ಟು ಲೆಕ್ಕ ಪ್ರಕಟಿಸಬೇಕು.

7. ಬೇರೆ ಬೇರೆ ಮೂಲದ ಅಂಕಿಗಳನ್ನು ಬೆರೆಸಿ ಸಾಧನೆ ಹೇಳಬಾರದು.

ಮಾದರಿ ನೋಂದಣಿಯಂತೆ ಕರ್ನಾಟಕದ ದರ 2015ರಲ್ಲಿ 28, 2020ರಲ್ಲಿ 19. ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಾಲ್ಕನೇ ಸುತ್ತಿನಲ್ಲಿ (2015–16) 26.9, ಐದನೇ ಸುತ್ತಿನಲ್ಲಿ (2019–20) 25.4. ಒಂದರ ಪ್ರಕಾರ ಮೂರನೇ ಒಂದು ಭಾಗದಷ್ಟು ಇಳಿಕೆ, ಇನ್ನೊಂದರ ಪ್ರಕಾರ ಹೆಚ್ಚೇನೂ ಇಲ್ಲ. ಮೊದಲನೆಯದು ಆಯಾ ವರ್ಷದ ದರ. ಎರಡನೆಯದು ಸಮೀಕ್ಷೆಗೆ ಹಿಂದಿನ ಐದು ವರ್ಷಗಳದ್ದು, ತಾಯಂದಿರ ಬಾಯಿಂದ ಕೇಳಿ ಬರೆದದ್ದು. ಹಳೆಯದಕ್ಕೆ ಒಂದು ಮೂಲ, ಹೊಸದಕ್ಕೆ ಇನ್ನೊಂದು ಮೂಲ ಹಿಡಿದರೆ ಬೇಕಾದ ಉತ್ತರ ಬರಿಸಬಹುದು. ಪ್ರತಿ ಅಂಕಿಯ ಪಕ್ಕದಲ್ಲಿ ಮೂಲ ಮತ್ತು ಅವಧಿ ಬರೆಯಬೇಕು.

8. ಗಡಿ ಬದಲಾದದ್ದನ್ನು ಲೆಕ್ಕದಲ್ಲಿ ಸರಿಹೊಂದಿಸಬೇಕು.

ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಮೊದಲಿನ ಅಂಕಿ ಅವಿಭಜಿತ ಧಾರವಾಡದ್ದು. 2021ರಲ್ಲಿ ಆಗಬೇಕಿದ್ದ ಜನಗಣತಿ 2027ಕ್ಕೆ ಹೋಗಿದ್ದರಿಂದ, ಹುಟ್ಟಬೇಕಾದ ಮಕ್ಕಳ ಅಂದಾಜೂ 2011ರ ಜನಸಂಖ್ಯೆಯ ಮೇಲೆಯೇ ನಿಂತಿದೆ. ಹೊಸ ಗಣತಿ ಬಂದ ಕೂಡಲೇ ಈಗಿನ ತಾಲ್ಲೂಕು ಗಡಿಯಂತೆ ಹಳೆಯ ಸಾಲನ್ನೂ ಮರುಲೆಕ್ಕ ಮಾಡಿ ಕೊಡಬೇಕು.

9. ಯಾವ ವಯಸ್ಸಿನಲ್ಲಿ, ಯಾವ ಕಾರಣಕ್ಕೆ ಎಂದು ಬಿಡಿಸಿ ಹೇಳಬೇಕು.

2020ರಲ್ಲಿ ದೇಶದ 28ರಲ್ಲಿ 20 ಸಾವು ಮೊದಲ 28 ದಿನಗಳವು. ಅವುಗಳಲ್ಲೂ 15 ಮೊದಲ ವಾರದವು. ಅವಧಿಗೆ ಮುನ್ನ ಹುಟ್ಟಿದ್ದು, ಹುಟ್ಟುವಾಗ ಉಸಿರುಗಟ್ಟಿದ್ದು, ನಂಜು ಇವು ಮುಖ್ಯ ಕಾರಣಗಳು. ಮೊದಲ ವಾರದ ಸಾವಿಗೆ ಮದ್ದು ಹೆರಿಗೆ ಕೋಣೆ ಮತ್ತು ನವಜಾತ ಶಿಶು ಘಟಕದಲ್ಲಿದೆ. ಆರು ತಿಂಗಳ ಕೂಸಿನ ನ್ಯುಮೋನಿಯಾ, ಭೇದಿಗೆ ಮದ್ದು ಊರಿನಲ್ಲೇ ಇದೆ. ಎರಡನ್ನೂ ಒಂದೇ ಅಂಕಿಯಲ್ಲಿ ಮುಚ್ಚಿಟ್ಟರೆ ಹಣ ಎಲ್ಲಿ ಹಾಕಬೇಕೆಂದು ತಿಳಿಯುವುದಿಲ್ಲ. ಹೆಣ್ಣು–ಗಂಡು, ಜಾತಿ ಸಮುದಾಯದ ವಿಂಗಡಣೆಯೂ ತಾಲ್ಲೂಕು ಮಟ್ಟದಲ್ಲಿ ಬೇಕು.

10. ನಿಜ ಬರೆದವರಿಗೆ ಶಿಕ್ಷೆ ಆಗಬಾರದು.

ಸಾವು ದಾಖಲಿಸಿದ ಆಶಾ ಕಾರ್ಯಕರ್ತೆಗೆ, ದಾದಿಗೆ ಮೆಮೊ ಬರುವುದಾದರೆ ಮುಂದಿನ ಸಾವು ಪುಸ್ತಕಕ್ಕೆ ಬರುವುದಿಲ್ಲ. ಎಣಿಕೆ ಸುಧಾರಿಸಿದ ಮೊದಲ ಎರಡು ಮೂರು ವರ್ಷ ದರ ಏರಿದಂತೆ ಕಾಣಬಹುದು. ಅದನ್ನು ವೈಫಲ್ಯ ಎಂದು ಕರೆಯುವುದಿಲ್ಲ ಎಂದು ಜಿಲ್ಲಾಡಳಿತ ಈಗಲೇ ಲಿಖಿತವಾಗಿ ಘೋಷಿಸಬೇಕು. ಶಿಶು ಮರಣ ಪರಿಶೀಲನೆಯಲ್ಲಿ ಕಾರಣ ಹುಡುಕಬೇಕು, ತಾಯಿಯ ಹೆಸರು ಗುಟ್ಟಾಗಿರಬೇಕು.

11. ಲೆಕ್ಕವನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಬೇಕು.

ಪ್ರತಿ ವರ್ಷ ಒಂದು ಪುಟ ಸಾಕು: ಜನನ, ಸಾವು, ವಯಸ್ಸು, ಕಾರಣ, ಹಿಂದಿನ ಐದು ವರ್ಷದ ಹೋಲಿಕೆ, ಮುಂದಿನ ವರ್ಷ ಮಾಡುವ ಕೆಲಸ. ಪಂಚಾಯಿತಿ ಗೋಡೆಯ ಮೇಲೂ ಅದು ಇರಲಿ.

ನಮ್ಮ ಕಡೆಯಿಂದಲೂ ಮಾತು ಕೊಡುತ್ತೇವೆ. ನಮ್ಮ ಮನೆಗಳ ಪ್ರತಿ ಜನನ, ಪ್ರತಿ ಸಾವನ್ನು ಮುಚ್ಚಿಡದೆ ತಿಳಿಸುತ್ತೇವೆ. ಆಶಾ ಕಾರ್ಯಕರ್ತೆಯರು ಮನೆಗೆ ಬಂದಾಗ ಸಹಕರಿಸುತ್ತೇವೆ. ಗ್ರಾಮಸಭೆಯಲ್ಲಿ ಕುಳಿತು ಆ ಒಂದು ಪುಟ ಕೇಳುತ್ತೇವೆ, ಪ್ರಶ್ನೆ ಮಾಡುತ್ತೇವೆ.

2030ರೊಳಗೆ ಪ್ರತಿ 1,000 ಜನನಕ್ಕೆ ನವಜಾತ ಮರಣವನ್ನು 12ಕ್ಕೂ, ಐದು ವರ್ಷದೊಳಗಿನ ಮಕ್ಕಳ ಮರಣವನ್ನು 25ಕ್ಕೂ ಇಳಿಸುವ ಜಾಗತಿಕ ಗುರಿಗೆ ನಮ್ಮ ದೇಶ ಒಪ್ಪಿದೆ. ಹಾವೇರಿ ಜಿಲ್ಲೆ ಆ ಗುರಿ ಮುಟ್ಟಿತೋ ಇಲ್ಲವೋ ಎಂದು ಹೇಳಲು ಈಗ ಪುರಾವೆ ಇಲ್ಲ. ಆ ಪುರಾವೆ ಕೇಳುವುದು ನಮ್ಮ ಹಕ್ಕು. ಈ ಪತ್ರ ತಲುಪಿದ 60 ದಿನಗಳೊಳಗೆ ಯಾವ ಬೇಡಿಕೆಗೆ ಯಾವ ಅಧಿಕಾರಿ ಹೊಣೆ, ಯಾವ ತಿಂಗಳಿಂದ ಜಾರಿ ಎಂದು ಒಂದೊಂದಕ್ಕೂ ಲಿಖಿತ ಉತ್ತರ ಕೊಡಬೇಕೆಂದು ಒತ್ತಾಯಿಸುತ್ತೇವೆ.

ಇಂತಿ,
ದೇವರಗುಡ್ಡ ಹಾಗೂ ಸುತ್ತಲಿನ ಗ್ರಾಮಗಳ ತಾಯಂದಿರು, ರೈತರು, ಕೂಲಿಕಾರರು, ಶಿಕ್ಷಕರು