ಬೆವರು ಆರದ ಊರು

ವಿಜಯಪುರದಿಂದ ಹೊರಟವರು ಶ್ರೀ ವಿಜಯಪುರಂನಲ್ಲಿ ಇಳಿದೆವು. ಮೊದಲನೆಯದು 2014ರ ನವೆಂಬರ್ 1ರವರೆಗೆ ಬಿಜಾಪುರ, ಎರಡನೆಯದು 2024ರ ಸೆಪ್ಟೆಂಬರ್‌ವರೆಗೆ ಪೋರ್ಟ್ ಬ್ಲೇರ್. ಬೋರ್ಡು ಬದಲಾದಷ್ಟು ಬೇಗ ನಾಲಿಗೆ ಬದಲಾಗುವುದಿಲ್ಲ. ನಾವು ಮನೆಯಲ್ಲಿ ಇನ್ನೂ ಬಿಜಾಪುರ ಎನ್ನುತ್ತೇವೆ. ನಮ್ಮನ್ನು ಲಾಡ್ಜಿಗೆ ಕರೆದೊಯ್ದ ಆಟೋದವನೂ ಪೋರ್ಟ್ ಬ್ಲೇರ್ ಎಂದೇ ಅಂದ.

ಇದ್ದವರು ಮೂವರು. ಟಿಕೋಟಾದಲ್ಲಿ ಒಣದ್ರಾಕ್ಷಿ ಶೆಡ್ ಇಟ್ಟಿರುವ ಗೆಳೆಯ, ಬಬಲೇಶ್ವರದ ಕಡೆಯ ಒಬ್ಬ ವಿಜ್ಞಾನ ಮೇಷ್ಟ್ರು, ಮತ್ತು ನಾನು. ಡಿಸೆಂಬರ್‌ನಲ್ಲಿ ಶೆಡ್ ಖಾಲಿ, ಹಾಗಾಗಿ ಗೆಳೆಯನಿಗೆ ಪುರುಸೊತ್ತು. ಮೇಷ್ಟ್ರಿಗೆ ಅಲ್ಲಿಯವರೆಗೆ ದೊಡ್ಡ ನೀರು ಅಂದರೆ ಮುಹಮ್ಮದ್ ಆದಿಲ್ ಶಾಹ ಕಟ್ಟಿಸಿದ ಮಮದಾಪುರದ ಕೆರೆ. ಸಮುದ್ರ ನೋಡಿ ಸುಮ್ಮನೆ ಕುಳಿತಿರಬೇಕಿದ್ದ ನಮಗೆ ಗುಡ್ಡ ಹತ್ತುವ ಹುಚ್ಚು ಹಿಡಿಸಿದವನು ಶೆಡ್ಡಿನವನೇ. ಯುಗಾದಿಗೆ ಕಂಬಿ ಹೊತ್ತ ಭಕ್ತರ ಜೊತೆ ಶ್ರೀಶೈಲಕ್ಕೆ ನಡೆಯುವ ಮನುಷ್ಯ ಆತ. ಸುಡುವ ಬಿಸಿಲಲ್ಲಿ ನಲ್ಲಮಲ ಕಾಡು ಹೊಕ್ಕು, ಭೀಮನ ಕೊಳ್ಳ ಇಳಿದು, ಎದುರಿನ ಮೆಟ್ಟಿಲೇರಿ ಮಲ್ಲಯ್ಯನ ಮುಂದೆ ನಿಂತವನಿಗೆ 732 ಮೀಟರಿನ ಗುಡ್ಡ ಯಾವ ಲೆಕ್ಕ?

ಆ ಗುಡ್ಡದ ಹೆಸರು ಸ್ಯಾಡಲ್ ಪೀಕ್. ಉತ್ತರ ಅಂಡಮಾನಿನ ಡಿಗ್ಲಿಪುರದ ಹತ್ತಿರ, ಇಡೀ ಅಂಡಮಾನ್ ನಿಕೋಬಾರ್‌ನಲ್ಲೇ ಎತ್ತರದ್ದು. ರಾಜಧಾನಿಯಿಂದ ಅಲ್ಲಿಗೆ ಒಂದು ಹಗಲಿನ ದಾರಿ. ನಡುವೆ ಜಾರವಾ ಜನರ ಕಾಡನ್ನು ಪೊಲೀಸ್ ಕಾವಲಿನ ಸಾಲಿನಲ್ಲಿ ದಾಟಬೇಕು, ವಾಹನ ನಿಲ್ಲಿಸುವಂತಿಲ್ಲ. ಪ್ರವಾಸಿಗರು ಸಾಮಾನ್ಯವಾಗಿ ಪೋರ್ಟ್ ಬ್ಲೇರ್ ಎದುರಿಗಿರುವ ಮೌಂಟ್ ಹ್ಯಾರಿಯಟ್ ನೋಡಿ ತೃಪ್ತರಾಗುತ್ತಾರೆ. ಹಳೆಯ ಕೆಂಪು ಇಪ್ಪತ್ತರ ನೋಟಿನ ಬೆನ್ನ ಮೇಲಿದ್ದ ತೆಂಗಿನ ಮರ, ದೀಪಸ್ತಂಭಗಳ ನೋಟ ಅಲ್ಲಿಯದು. 1872ರ ಫೆಬ್ರವರಿ 8ರ ಸಂಜೆ ವೈಸ್‌ರಾಯ್ ಮೇಯೊ ಆ ಬೆಟ್ಟದ ಮೇಲೆ ಸೂರ್ಯಾಸ್ತ ನೋಡಿ ಇಳಿದು ಬಂದಾಗ ಬುಡದ ಜೆಟ್ಟಿಯಲ್ಲಿ ಶೇರ್ ಅಲಿ ಎಂಬ ಕೈದಿ ಅವನನ್ನು ಇರಿದು ಕೊಂದ. ಬೆಟ್ಟಕ್ಕೆ ಈಗ ಮೌಂಟ್ ಮಣಿಪುರ ಎಂದು ಹೆಸರು. ಅಂಡಮಾನಿನಲ್ಲಿ ಹೆಸರುಗಳಿಗೆ ಪುರುಸೊತ್ತಿಲ್ಲ.

ಸ್ಯಾಡಲ್ ಪೀಕಿನ ದಾರಿ ಲಾಮಿಯಾ ಬೇ ಎಂಬಲ್ಲಿಂದ ಶುರು. ಮೊದಲು ಸಮುದ್ರದ ದಂಡೆ, ಕಲ್ಲು, ಉಸುಕು. ಆಮೇಲೆ ಕಾಡು. ಜೊತೆಗಿದ್ದ ಗೈಡ್ ಉಬ್ಬರದ ಹೊತ್ತು ನೋಡಿಕೊಂಡೇ ಹೊರಡಿಸಿದ್ದ. ತಡವಾದರೆ ದಂಡೆಯ ದಾರಿ ನೀರಿನಡಿ ಹೋಗುತ್ತದಂತೆ. ಕಾಡು ಹೊಕ್ಕ ಅರ್ಧ ಗಂಟೆಗೆ ಗೆಳೆಯ ಒಂದು ಬೇರಿನ ಮೇಲೆ ಕುಳಿತುಬಿಟ್ಟ. ಅಂಗಿ ಮೈಗೆ ಅಂಟಿ, ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಟವೆಲ್ಲಿನಿಂದ ಒರೆಸಿಕೊಂಡ, ಟವೆಲ್ಲೂ ಒದ್ದೆ. ಹಿಂಡಿದ, ಮತ್ತೆ ಒರೆಸಿಕೊಂಡ.

‘ಇಷ್ಟು ಬಿಸಿಲೇ ಇಲ್ಲಲ್ಲೋ, ಮತ್ತ್ಯಾಕ ಹಿಂಗ ಆಗ್ಯದ?’ ಎಂದ.

ಮೇಷ್ಟ್ರು ಏದುಸಿರಿನಲ್ಲೂ ಪಾಠ ಬಿಡಲಿಲ್ಲ. ಬೆವರು ಸುರಿಯುವುದರಿಂದ ಮೈ ತಂಪಾಗುವುದಿಲ್ಲ, ಆರುವುದರಿಂದ ಆಗುತ್ತದೆ. ಒಂದು ಲೀಟರ್ ಬೆವರು ಆರಿದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ಮೈಯಿಂದ ಹೊತ್ತೊಯ್ಯುತ್ತದೆ. ಹನಿಯಾಗಿ ನೆಲಕ್ಕೆ ಬಿದ್ದರೆ ಆ ಲಾಭ ಇಲ್ಲ. ನಮ್ಮೂರಿನ ಏಪ್ರಿಲ್‌ನ 42 ಡಿಗ್ರಿಯಲ್ಲಿ ಗಾಳಿ ಒಣಗಿ ಬಾಯಾರಿ ನಿಂತಿರುತ್ತದೆ, ಬೆವರು ಮೂಡಿದ್ದೇ ಹೀರಿಕೊಳ್ಳುತ್ತದೆ. ಬೆನ್ನ ಮೇಲೆ ಬಿಳಿ ಉಪ್ಪಿನ ಗೆರೆ ಮಾತ್ರ ಉಳಿಯುತ್ತದೆ. ಥರ್ಮಾಮೀಟರಿನ ಬುಡ್ಡಿಗೆ ಒದ್ದೆ ಬಟ್ಟೆ ಸುತ್ತಿಟ್ಟರೆ ಅಂಥ ದಿನ ಅದು ಇಪ್ಪತ್ತೆರಡು ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ತೇವ ಶೇಕಡ 80 ಇರುವ ದ್ವೀಪದಲ್ಲಿ, ಬರೀ 31 ಡಿಗ್ರಿಯ ದಿನವೂ, ಅದೇ ಒದ್ದೆ ಬಟ್ಟೆ ಇಪ್ಪತ್ತೆಂಟಕ್ಕೇ ನಿಂತುಬಿಡುತ್ತದೆ. ನಮ್ಮ ಮೈಗೆ ತಾಗುವುದು ಈ ಲೆಕ್ಕ.

‘ಅಂದ್ರ ಇಲ್ಲಿ ಶೆಡ್ ಹಾಕಿದ್ರ?’ ಎಂದ ಗೆಳೆಯ.

‘ದ್ರಾಕ್ಷಿ ಬೂಸರು ಹಿಡಿತಾವ.’

ಅವನಿಗೆ ಥಟ್ಟನೆ ಅರ್ಥವಾಯಿತು. ಟಿಕೋಟಾದ ಶೆಡ್ಡಿನಲ್ಲಿ ಬೆಂಕಿಯಿಲ್ಲ, ಯಂತ್ರವಿಲ್ಲ. ಗೊನೆಗಳನ್ನು ಡಿಪ್ಪಿಂಗ್ ಎಣ್ಣೆಯ ನೀರಲ್ಲಿ ಅದ್ದಿ ಜಾಳಿಗೆಯ ಮೇಲೆ ಹರಡಿ ನೆರಳಲ್ಲಿ ಬಿಡುತ್ತಾರೆ. ಉಳಿದದ್ದೆಲ್ಲ ಗಾಳಿಯ ಕೆಲಸ. ಹೆಚ್ಚುಕಡಿಮೆ ನಾಲ್ಕು ಕಿಲೋ ಹಣ್ಣು ಎರಡು ವಾರದಲ್ಲಿ ಒಂದು ಕಿಲೋ ಒಣದ್ರಾಕ್ಷಿಯಾಗುತ್ತದೆ. ಮಳೆ ಸಾಲದು ಎಂದು ನಾವು ಹುಟ್ಟಿದಾಗಿನಿಂದ ಬೈಯುತ್ತ ಬಂದ ಗಾಳಿಯೇ ದ್ರಾಕ್ಷಿಯನ್ನು ಒಣಗಿಸಿ, ಶ್ರೀಶೈಲದ ದಾರಿಯಲ್ಲಿ ಇವನನ್ನು ನಡೆಸಿತ್ತು. ಕಾಲಿನ ಕಸುವು ಎಂದುಕೊಂಡದ್ದರಲ್ಲಿ ಅರ್ಧ ಗಾಳಿಯದು. ಹಾಗೆಂದು ಅವನ ಕಾಲನ್ನು ನಾನು ಹಗುರಾಗಿ ಕಾಣುತ್ತಿಲ್ಲ. ಆ ದಾರಿಯಲ್ಲಿ ನಾನು ಎರಡು ದಿನವೂ ನಡೆದವನಲ್ಲ.

ಎದ್ದು ಮತ್ತೆ ಹತ್ತಿದೆವು. ನೂರು ಹೆಜ್ಜೆ, ನಿಲ್ಲು. ಐವತ್ತು ಹೆಜ್ಜೆ, ನಿಲ್ಲು. ಬೇರುಗಳೇ ಮೆಟ್ಟಿಲು, ಕೆಲವು ಕಡೆ ಕೈಯೂರಬೇಕು. ಮಧ್ಯಾಹ್ನ ದಾಟಿದ ಮೇಲೆ ಗೈಡ್ ಗಡಿಯಾರ ನೋಡಿ, ಇನ್ನು ಮುಂದೆ ಹೋದರೆ ಕತ್ತಲೊಳಗೆ ಇಳಿಯುವುದಾಗುತ್ತದೆ, ತಿರುಗಿ ಎಂದ. ಮೇಷ್ಟ್ರು ಮೊಬೈಲಿನಲ್ಲಿ ಎತ್ತರ ನೋಡಿದರು: 590 ಮೀಟರ್. ನೋಡಿ ನಗಲು ಶುರುಮಾಡಿದರು. ವಿಜಯಪುರ ಇರುವುದೂ ಸಮುದ್ರ ಮಟ್ಟದಿಂದ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ. ಬೆಳಗಿನಿಂದ ಇಷ್ಟು ಒದ್ದಾಡಿ ನಾವು ಏರಿದ್ದು ನಮ್ಮ ಮನೆಯ ಅಂಗಳಕ್ಕೆ. ಉಳಿದ ತುದಿ, ಗೋಲಗುಮ್ಮಟದ ಮೇಲೆ ಗೋಲಗುಮ್ಮಟ ಇಟ್ಟು, ಇನ್ನೊಂದು ಮುಕ್ಕಾಲು ಇಟ್ಟಷ್ಟು. ಬಯಲುಸೀಮೆಯವರು ಎಂದು ಹೇಳಿಕೊಳ್ಳುವ ನಾವು ನಿಜವಾಗಿ ಗುಡ್ಡದ ಮೇಲೆಯೇ ಹುಟ್ಟಿ ಬೆಳೆದವರು. ಗುಡ್ಡ ಚಪ್ಪಟೆಯಾಗಿರುವುದರಿಂದ ಗೊತ್ತಾಗಿಲ್ಲ.

ತುದಿ ನೋಡಲಿಲ್ಲ. ಗೆಳೆಯನಿಗೆ ಅದರ ಬೇಸರ ಎರಡು ದಿನ ಇತ್ತು. ಆ ಎರಡು ದಿನವೂ ಅವನ ಟವೆಲ್ ಲಾಡ್ಜಿನ ಕಿಟಕಿಯಲ್ಲಿ ನೇತಾಡಿತು, ಆರಲಿಲ್ಲ. ಒದ್ದೆಯಾಗಿಯೇ ಚೀಲದೊಳಗೆ ತುರುಕಿಕೊಂಡು ವಿಮಾನ ಹತ್ತಿದ.

ಟಿಕೋಟಾ ತಲುಪಿದ್ದೇ ಚೀಲ ಬಿಚ್ಚಿ, ಮುಗ್ಗು ವಾಸನೆಯ ಆ ಟವೆಲ್ಲನ್ನು ಖಾಲಿ ಶೆಡ್ಡಿನ ಜಾಳಿಗೆಯ ಮೇಲೆ ಹಾಸಿದ. ಒಳಗೆ ಹೋಗಿ ರೊಟ್ಟಿ ತಿಂದು, ಚಹಾ ಕುಡಿದು ಹೊರಗೆ ಬಂದೆವು. ಟವೆಲ್ ಹಪ್ಪಳದಂತೆ ಸೆಟೆದುಕೊಂಡಿತ್ತು. ಅವನು ಅದನ್ನು ಎರಡು ಸಲ ಝಾಡಿಸಿ, ಹೆಗಲ ಮೇಲೆ ಹಾಕಿಕೊಂಡು ದ್ರಾಕ್ಷಿ ಪಡದತ್ತ ನಡೆದ.