ಬೇತಾಳನ ಗುಡ್ಡಕ್ಕೊಂದು ಸುತ್ತು



ಮಳೆ ಹಿಂದೆ ಸರಿದು ಬಿಸಿಲು ಇನ್ನೂ ಬಲಿಯದ ದಸರಾ-ದೀಪಾವಳಿಯ ನಡುವೆ ಒಂದು ಭಾನುವಾರ ಬೇಗ ಎದ್ದು ವೇತಾಳ ಟೇಕಡಿಗೆ ಹೋಗಿ ಬನ್ನಿ. ಸಿಂಹಗಡದಂತೆ ಏದುಸಿರು ಬರಿಸುವ ಏರಲ್ಲ ಇದು. ಪೌಡ್ ರಸ್ತೆಯ ಕಡೆಯಿಂದ ಹತ್ತಿ, ಹಳೆಯ ಕಲ್ಲುಗಣಿಯಲ್ಲಿ ನಿಂತ ನೀರು ನೋಡಿ, ನೆತ್ತಿಯ ಗುಡಿ ಮುಟ್ಟಿ, ಹುಲ್ಲುಗಾವಲಿನ ಕಾಲುದಾರಿಯಲ್ಲಿ ಬಳಸಿ ಬಂದರೆ ಒಂದು ಸುತ್ತು. ನನ್ನಂಥ ಮೊಣಕಾಲಿನವರಿಗೂ ಎರಡು ಮೂರು ತಾಸು ಸಾಕು.

ವೇತಾಳನೆಂದರೆ ಯಾರೋ ಅಲ್ಲ, ವಿಕ್ರಮನ ಹೆಗಲೇರಿದ ನಮ್ಮ ಬೇತಾಳನೇ. ವನ ಬನವಾದ ಹಾಗೆ ವೇತಾಳ ಬೇತಾಳನಾದ. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿ ಕುಳಿತು ಇಡೀ ಪುಣೆಯನ್ನು ನೋಡುತ್ತಿದ್ದಾನೆ.

ಗಣಿಯ ಗೋಡೆಯ ಕರಿಕಲ್ಲನ್ನು ಗಮನಿಸಿ. ಸುಮಾರು 6.5 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಅದು. ಅದೇ ಹಾಸು ವಿಜಯಪುರ, ಕಲಬುರಗಿಯವರೆಗೂ ಇದೆ. ಗೋಳಗುಮ್ಮಟ ಕಟ್ಟಿದ್ದು ಇದೇ ಜಾತಿಯ ಕಲ್ಲಿನಿಂದ. ನೀರಿಗೆ ಮಾತ್ರ ಇಳಿಯಬೇಡಿ, ಗಣಿಯ ಆಳ ಕಣ್ಣಿಗೆ ತಿಳಿಯುವುದಿಲ್ಲ.

ಇಲ್ಲಿ ನವಿಲೂ ಇದೆ, ಕೆಂಬೂತವೂ ಇದೆ. ನವಿಲು ಕುಣಿಯಿತೆಂದು ಕೆಂಬೂತ ಪುಕ್ಕ ತರಿದುಕೊಂಡ ಗಾದೆಯನ್ನು ಅಮ್ಮ ಹೇಳಿರುತ್ತಾಳೆ, ಆದರೆ ನಿಮ್ಮಲ್ಲಿ ಎಷ್ಟು ಜನ ಕೆಂಬೂತ ನೋಡಿದ್ದೀರಿ? ಕಂದು ರೆಕ್ಕೆಯ, ಕೆಂಪು ಕಣ್ಣಿನ ಕಪ್ಪು ಹಕ್ಕಿ. ಮರಾಠಿ ಗೆಳೆಯರು ಅದನ್ನು ಭಾರದ್ವಾಜ ಎನ್ನುತ್ತಾರೆ, ಕಂಡರೆ ಶುಭವಂತೆ. ಪಾಪ, ಅವರ ಊರಲ್ಲಿ ಶಕುನದ ಹಕ್ಕಿ, ನಮ್ಮ ಗಾದೆಯಲ್ಲಿ ಪೆದ್ದು! ಪಳಸ ನಮ್ಮ ಮುತ್ತುಗ. ಅದರ ಎಲೆಯಲ್ಲಿ ನಿಮ್ಮ ಅಜ್ಜಂದಿರು ಉಂಡಿದ್ದಾರೆ. ಇಂಗ್ಲಿಷ್ ಬಿ.ಎ. ಓದುವಾಗ ವರ್ಡ್ಸ್‌ವರ್ತನ ಡ್ಯಾಫೊಡಿಲ್ ಬಾಯಿಪಾಠ ಮಾಡಿದವಳು ನಾನು. ಆ ಹೂವನ್ನು ಇವತ್ತಿನವರೆಗೂ ಕಂಡಿಲ್ಲ, ಆದರೆ ಮುತ್ತುಗ ಫಾಲ್ಗುಣದಲ್ಲಿ ಹೊತ್ತಿ ಉರಿಯುವುದನ್ನು ಕಂಡಿದ್ದೇನೆ.

ಹಸಿರೆಲ್ಲ ಕಾಡಲ್ಲ ಎಂಬುದೂ ಇಲ್ಲೇ ತಿಳಿಯುತ್ತದೆ. ದಟ್ಟವಾಗಿ ಕಾಣುವ ಮರಗಳಲ್ಲಿ ಬಹಳಷ್ಟು ಗ್ಲಿರಿಸಿಡಿಯಾ. ಮಧ್ಯ ಅಮೆರಿಕದ ಮೂಲದ್ದು, ಅರಣ್ಯ ಇಲಾಖೆ ನೆಟ್ಟದ್ದು. ನಮ್ಮ ರೈತರು ಸೊಪ್ಪನ್ನು ಗದ್ದೆಗೆ ಹಾಕುವುದರಿಂದ ಗೊಬ್ಬರದ ಗಿಡ ಎನ್ನುತ್ತಾರೆ. ಗದ್ದೆಯ ಬದುವಿಗೆ ಒಳ್ಳೆಯದು, ಗುಡ್ಡಕ್ಕಲ್ಲ ಎಂದು ನನ್ನ ಅಭಿಪ್ರಾಯ.

ಈ ಗುಡ್ಡದ ಮೈಮೇಲೆ ಬಾಲಭಾರತಿಯಿಂದ ಪೌಡ್ ಫಾಟಾಕ್ಕೆ ರಸ್ತೆ ಮಾಡುವ ಮಾತು ಬಹಳ ವರ್ಷಗಳದು. 2023ರ ಏಪ್ರಿಲ್‌ನಲ್ಲಿ ಸಾವಿರಾರು ಜನ ಅದನ್ನು ವಿರೋಧಿಸಿ ನಡೆದರು. ಟ್ರಾಫಿಕ್ಕಿನಲ್ಲಿ ಒದ್ದಾಡುವವರ ಕಷ್ಟ ನನಗೂ ಗೊತ್ತು. ಆದರೂ ನನ್ನ ಮನಸ್ಸು ನಡೆದವರ ಕಡೆಗೇ. "ಆಂಟಿ, ನಾವು ಕನ್ನಡದವರು, ನಮಗೇನು?" ಎಂದು ನಿಮ್ಮಲ್ಲೊಬ್ಬರು ಕೇಳಿದ್ದುಂಟು. ಇಲ್ಲಿ ಬಿದ್ದ ಮಳೆ ಒಂದಷ್ಟು ನೆಲದೊಳಗೆ ಇಂಗುತ್ತದೆ, ಉಳಿದದ್ದು ಹಳ್ಳ ಹಿಡಿದು ಮುಳಾ-ಮುಠೆಗೆ. ಅಲ್ಲಿಂದ ಭೀಮೆ, ಉಜನಿ ಅಣೆಕಟ್ಟು, ಪಂಢರಪುರ. ಆಮೇಲೆ ನಮ್ಮ ವಿಜಯಪುರ, ಕಲಬುರಗಿ ಸೀಮೆ. ಅಜ್ಜಿಯೊಡನೆ ಗಾಣಗಾಪುರದ ಸಂಗಮದಲ್ಲಿ ಮುಳುಗು ಹಾಕಿದವರು ಇದ್ದೀರಲ್ಲ, ಆ ನೀರಿನಲ್ಲಿ ಈ ಗುಡ್ಡದ್ದೂ ಒಂದು ಪಾಲು.

ನೀರಿನ ಬಾಟಲಿ, ಜಾರದ ಬೂಟು, ಒಗ್ಗರಣೆ ಹಾಕಿದ ಚುರುಮುರಿ ಇರಲಿ. ಖಾಲಿ ಪೊಟ್ಟಣ ಜೇಬಿನಲ್ಲೇ ವಾಪಸು ಬರಲಿ. ಹೆಸರು ತಿಳಿಯದ ಗಿಡದ ಫೋಟೊ ತೆಗೆದು ಊರಿನ ಅಜ್ಜಿಗೆ ಕಳಿಸಿ, ಅವರು ಹೇಳಿದ ಹೆಸರನ್ನು ನನಗೂ ಬರೆದು ತಿಳಿಸಿ. ಧಾರವಾಡದ ಅಜ್ಜಿ ಒಂದು ಹೇಳಿದರೆ ಮಂಗಳೂರಿನ ಅಜ್ಜಿ ಇನ್ನೊಂದು ಹೇಳುತ್ತಾರೆ, ಎರಡನ್ನೂ ಬರೆಯಿರಿ.