ಒಲೆಯ ಮುಂದಿನ ಮಾತು: ಪಟ್ಟಿಯಲ್ಲಿ ಹೆಸರಿಲ್ಲದವರು

ಪ್ರಿಯ ಸೋದರಿಯರೇ,

ಕಳೆದ ಸಂಚಿಕೆಯಲ್ಲಿ ತೊಗರಿಬೇಳೆಗೆ ಹುಳ ಹತ್ತದಂತೆ ಕಾಯ್ದಿಡುವುದು ಹೇಗೆಂದು ಬರೆದಿದ್ದೆ. ಈ ಸಲ ಕ್ರಿಕೆಟ್ಟಿನ ಮಾತು. “ಅಯ್ಯ, ಗಂಡಸರ ಸುದ್ದಿ ನಮಗ್ಯಾಕ?” ಎಂದು ಹಾಳೆ ಮಗುಚಬೇಡಿ. ಸ್ವಲ್ಪ ತಾಳಿಕೊಂಡು ಓದಿ. ಕೊನೆಗೆ ಇದು ನಮ್ಮ ನಿಮ್ಮ ಮನೆಯ ಮಾತೇ ಆಗುತ್ತದೆ.

ಆಳಂದದ ನಮ್ಮ ಮನೆಯಲ್ಲಿ ಟೀವಿ ಇರುವುದು ಪಡಸಾಲೆಯಲ್ಲಿ. ಒಲೆಯ ಮುಂದೆ ನಿಂತರೆ ಬಾಗಿಲಿನಿಂದ ಅರ್ಧ ಪರದೆ ಮಾತ್ರ ಕಾಣುತ್ತದೆ. ಆ ಅರ್ಧ ಪರದೆಯಲ್ಲೇ, ರೊಟ್ಟಿ ಬಡಿಯುತ್ತಲೇ, 2008ರಿಂದ ನಮ್ಮ ಬೆಂಗಳೂರು ತಂಡವನ್ನು ನೋಡುತ್ತ ಬಂದವಳು ನಾನು. ಸ್ಕೋರು ತೋರಿಸುವ ಮೂಲೆ ನನಗೆ ಕಾಣುವುದಿಲ್ಲ. ನಮ್ಮವರು ತೊಡೆ ತಟ್ಟಿದರೆ ಫೋರು, ಹಣೆ ತಟ್ಟಿಕೊಂಡರೆ ಔಟು ಎಂದು ಲೆಕ್ಕ ಹಿಡಿಯುತ್ತೇನೆ. ಎಷ್ಟೋ ರೊಟ್ಟಿ ಹೊತ್ತಿವೆ, ಎಷ್ಟೋ ಸಲ ಹಾಲು ಉಕ್ಕಿದೆ. “ನೀ ಅಡಿಗಿ ಮಾಡ್ತೀಯೋ, ಟೀಮ್ ಮಾಡ್ತೀಯೋ?” ಎಂದು ನಮ್ಮವರು ಕೇಳುತ್ತಾರೆ. ಎರಡೂ ಒಂದೇ ಕೆಲಸ ಎನ್ನುವುದು ನನ್ನ ಅಭಿಪ್ರಾಯ.

ಹೇಗೆ ಅಂತೀರಾ? ಐಪಿಎಲ್ ಹರಾಜು ಎಂದರೆ ನಮ್ಮ ವಾರದ ಬಜಾರ ಇದ್ದ ಹಾಗೆ. ಕೈಯಲ್ಲಿ ಇರುವುದು ಇಷ್ಟೇ ದುಡ್ಡು. 2025ರ ತಂಡ ಕಟ್ಟಲು ಒಂದೊಂದು ತಂಡಕ್ಕೂ 120 ಕೋಟಿ ರೂಪಾಯಿಯ ಮಿತಿ ಇತ್ತು. ಅಷ್ಟರಲ್ಲೇ ಬ್ಯಾಟು ಬೀಸುವವರು, ಚೆಂಡು ಹಾಕುವವರು, ಸ್ಟಂಪಿನ ಹಿಂದೆ ನಿಲ್ಲುವವರು ಎಲ್ಲರೂ ಬರಬೇಕು. ಬಜಾರಕ್ಕೆ ಹೋದವಳು ಗೋಡಂಬಿ, ಏಲಕ್ಕಿಗೇ ದುಡ್ಡು ಸುರಿದು, ಉಪ್ಪು ಖಾರ ಮರೆತು ಬಂದರೆ ರಾತ್ರಿ ಊಟಕ್ಕೇನು ಮಾಡುವುದು? ನಮ್ಮ ತಂಡ ವರ್ಷಾನುಗಟ್ಟಲೆ ಮಾಡಿದ್ದು ಇದನ್ನೇ.

2016 ನೆನಪಿದೆಯೇ? ವಿರಾಟ್ ಕೊಹ್ಲಿ ಒಬ್ಬನೇ 973 ರನ್ ಹೊಡೆದ. (ನನಗಿಂತ ಸಣ್ಣವರನ್ನು ಮನೆಯ ಹುಡುಗರ ಹಾಗೆ ಏಕವಚನದಲ್ಲಿ ಕರೆಯುವುದು ನನ್ನ ರೂಢಿ, ತಪ್ಪು ತಿಳಿಯಬೇಡಿ.) ಜೊತೆಗೆ ಗೇಲ್, ಡಿವಿಲಿಯರ್ಸ್. ಫೈನಲ್ಲು ನಮ್ಮ ಬೆಂಗಳೂರಿನಲ್ಲೇ. ಹೈದರಾಬಾದಿನವರು 208 ಹೊಡೆದರು, ಅದರಲ್ಲಿ 61 ರನ್ ನಮ್ಮ ಒಬ್ಬನೇ ಬೌಲರು ನಾಲ್ಕು ಓವರಿನಲ್ಲಿ ಕೊಟ್ಟದ್ದು. ನಾವು ಮೊದಲ ವಿಕೆಟ್ಟಿಗೇ 114 ಹೊಡೆದೆವು, ಆದರೂ 200ಕ್ಕೆ ನಿಂತು 8 ರನ್ನಿನಿಂದ ಸೋತೆವು. ಗೋಡಂಬಿ ಬೇಕಾದಷ್ಟಿತ್ತು, ಉಪ್ಪು ಇರಲಿಲ್ಲ. ಅದಕ್ಕೂ ಮುಂಚೆ 2009ರಲ್ಲಿ ಜೋಹಾನ್ಸ್‌ಬರ್ಗಿನ ಫೈನಲ್ಲಿನಲ್ಲಿ ಅನಿಲ್ ಕುಂಬ್ಳೆ ಅವರು ಬರೀ 16 ರನ್ ಕೊಟ್ಟು 4 ವಿಕೆಟ್ ತೆಗೆದರೂ 6 ರನ್ನಿನಿಂದ ಸೋತಿದ್ದೆವು. 2011ರಲ್ಲಿ ಚೆನ್ನೈಯಲ್ಲಿ 58 ರನ್ನಿನಿಂದ.

ಇನ್ನೊಂದು ನನ್ನ ಹಳೆಯ ಸಿಟ್ಟು, ಪಳಗಿದವರನ್ನು ಕೈಬಿಡುವುದು. ಎಣ್ಣೆ ಕುಡಿದು ಪಳಗಿದ ರೊಟ್ಟಿ ಹಂಚನ್ನು ಮೋಡ್ಕಾ ಅಂಗಡಿಗೆ ಹಾಕಿ, ಹೊಳೆಯುವ ಹೊಸ ಹಂಚು ತಂದ ಹಾಗೆ. ನಮ್ಮ ಕನ್ನಡದ ಹುಡುಗ ಕೆ.ಎಲ್. ರಾಹುಲನನ್ನು 2018ರಲ್ಲಿ ಬಿಟ್ಟರು, ಪಂಜಾಬಿನವರು 11 ಕೋಟಿ ಕೊಟ್ಟು ಕರೆದುಕೊಂಡರು. ಚಹಲನನ್ನು 2022ರಲ್ಲಿ ಬಿಟ್ಟರು. ಅದೇ ವರ್ಷ ಅವನು ರಾಜಸ್ಥಾನದ ಪರ 27 ವಿಕೆಟ್ ತೆಗೆದು ಎಲ್ಲರಿಗಿಂತ ಮುಂದೆ ನಿಂತ. ಪಳಗಿದ ಹಂಚಿನ ಬೆಲೆ ಪಕ್ಕದ ಮನೆಯವರಿಗೆ ಬೇಗ ಗೊತ್ತಾಗುತ್ತದೆ ನೋಡಿ.

2025ರಲ್ಲಿ ಮಾತ್ರ ಯಾರೋ ಬಜಾರ ತಿಳಿದವರು ಚೀಲ ಹಿಡಿದು ಹೋಗಿದ್ದರು ಅನ್ನಿಸುತ್ತದೆ. ಹೇಜಲ್‌ವುಡ್, ಭುವನೇಶ್ವರ್, ಕೃಣಾಲ್ ಪಾಂಡ್ಯ, ಇವರೆಲ್ಲ ಚೆಂಡಿನ ಕೆಲಸ ಬಲ್ಲವರು. ಸಿರಾಜನನ್ನು ಬಿಟ್ಟದ್ದು ಮಾತ್ರ ನನಗೆ ಇನ್ನೂ ಒಪ್ಪಿಗೆಯಿಲ್ಲ. ಹೈದರಾಬಾದಿನ ಆಟೋ ಡ್ರೈವರನ ಮಗ, ಏಳು ವರ್ಷ ನಮ್ಮಲ್ಲಿ ದುಡಿದವನು. ಗುಜರಾತಿನ ಅಂಗಿ ತೊಟ್ಟು ನಮ್ಮ ಚಿನ್ನಸ್ವಾಮಿ ಮೈದಾನಕ್ಕೇ ಬಂದು 19 ರನ್ನಿಗೆ 3 ವಿಕೆಟ್ ತೆಗೆದ ದಿನ ನಾನು ಬೈಯಲೂ ಇಲ್ಲ, ಚಪ್ಪಾಳೆ ತಟ್ಟಲೂ ಇಲ್ಲ. ಸುಮ್ಮನೆ ಸಾರಿಗೆ ಒಗ್ಗರಣೆ ಹಾಕಿದೆ.

ಜೂನ್ 3ರ ಫೈನಲ್ಲಿನ ರಾತ್ರಿ ರೊಟ್ಟಿಗೆ ರಜೆ ಕೊಟ್ಟು ಸುಸಲಾ ಮಾಡಿದ್ದೆ. ಚುರುಮುರಿಯನ್ನು ನೀರಿನಲ್ಲಿ ಅದ್ದಿ ಒಡನೆ ಹಿಂಡಿಟ್ಟು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಶೇಂಗಾ ಒಗ್ಗರಣೆಗೆ ಹಾಕಿ, ಚುರುಮುರಿ ಕಲಸಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿ ಲಿಂಬೆ ಹಿಂಡಿದರೆ ಆಯಿತು. ಹತ್ತು ನಿಮಿಷದ ಕೆಲಸ. ಇಡೀ ಪರದೆ ಕಾಣುವಂತೆ ಪಡಸಾಲೆಯಲ್ಲಿ ಕುಳಿತೆ. ಅಹಮದಾಬಾದಿನಲ್ಲಿ ನಾವು 190, ಪಂಜಾಬ್ 184. ಕೃಣಾಲ್ ನಾಲ್ಕು ಓವರಿಗೆ ಕೊಟ್ಟದ್ದು ಬರೀ 17 ರನ್, ತೆಗೆದದ್ದು 2 ವಿಕೆಟ್. 2009ರಲ್ಲಿ 6 ರನ್ನಿನಿಂದ ಸೋತವರು, 6 ರನ್ನಿನಿಂದಲೇ ಗೆದ್ದರು. ನಮ್ಮತ್ತೆಯವರು ಎದ್ದು ಟೀವಿಗೆ ಅರಿಸಿನ ಕುಂಕುಮ ಹಚ್ಚಿದರು!

ಆ ಸಂತೋಷ ಒಂದು ದಿನವೂ ಉಳಿಯಲಿಲ್ಲ. ಮರುದಿನ ಚಿನ್ನಸ್ವಾಮಿ ಮೈದಾನದ ಗೇಟಿನ ಮುಂದಿನ ನೂಕುನುಗ್ಗಲಿನಲ್ಲಿ 11 ಜನ ಜೀವ ಬಿಟ್ಟರು. ಹೆಚ್ಚಿನವರು ಎಳೆಯರು. ಬೆಳಗ್ಗೆ ಅವ್ವನಿಗೆ ಹೇಳಿ ಮನೆಯಿಂದ ಹೊರಟವರು. ಯಾವ ಕಪ್ಪೂ ಅದಕ್ಕೆ ಸಮವಲ್ಲ. ನಿಮ್ಮ ಮಕ್ಕಳು ಇಂಥ ಗದ್ದಲಕ್ಕೆ ಹೋಗುತ್ತೇವೆ ಎಂದರೆ, ಗೆದ್ದವರ ಮುಖ ಟೀವಿಯಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ ಎಂದು ಹೇಳಿ ಕೂರಿಸಿಕೊಳ್ಳಿ.

ಆ ಕಪ್ಪನ್ನು ಎತ್ತಿದ ನಾಯಕ ರಜತ್ ಪಾಟೀದಾರನ ಕತೆ ನಿಮಗೆ ಹೇಳಲೇಬೇಕು. 2022ರ ಹರಾಜಿನಲ್ಲಿ ಅವನನ್ನು ಯಾರೂ ಕೊಳ್ಳಲಿಲ್ಲ, ನಮ್ಮವರೂ ಕೊಳ್ಳಲಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲ ಎಂದಮೇಲೆ ಮನೆಯಲ್ಲಿ ಮೇ ತಿಂಗಳಿಗೆ ಮದುವೆ ನಿಶ್ಚಯ ಮಾಡಿದರು. ಅಷ್ಟರಲ್ಲಿ ತಂಡದ ಒಬ್ಬ ಹುಡುಗನಿಗೆ ಪೆಟ್ಟಾಗಿ, ಅವನ ಬದಲಿಗೆ ಇವನಿಗೆ ಕರೆ ಬಂತು. ಮದುವೆ ಮುಂದೂಡಿ ಬಂದವನು ಲಕ್ನೋ ವಿರುದ್ಧ ನಾಕೌಟ್ ಪಂದ್ಯದಲ್ಲಿ ಔಟಾಗದೆ 112 ಹೊಡೆದ. ಮೂರು ವರ್ಷಕ್ಕೆ ಅದೇ ತಂಡದ ನಾಯಕನಾಗಿ ಕಪ್ಪು ಹಿಡಿದ.

ಅದೇ 2025ರ ನವೆಂಬರ್ 2ರಂದು ನಮ್ಮ ಭಾರತದ ಹೆಣ್ಣುಮಕ್ಕಳು ವಿಶ್ವಕಪ್ ಗೆದ್ದದ್ದನ್ನು ನೀವೆಲ್ಲ ನೋಡಿರಬೇಕು. ಫೈನಲ್ಲಿನಲ್ಲಿ 87 ರನ್ ಹೊಡೆದು, 2 ವಿಕೆಟ್ಟೂ ತೆಗೆದ ಶೆಫಾಲಿ ವರ್ಮಾ ಮೊದಲ ಪಟ್ಟಿಯಲ್ಲಿ ಇರಲೇ ಇಲ್ಲ. ಪ್ರತೀಕಾ ರಾವಲ್‌ಗೆ ಪೆಟ್ಟಾದ ಮೇಲೆ ಸೆಮಿಫೈನಲ್ಲಿಗೆ ಕರೆಸಿಕೊಂಡದ್ದು. ಇಬ್ಬರನ್ನೂ ನೋಡಿದಾಗ ನನಗೆ ಅನ್ನಿಸಿದ್ದು ಇಷ್ಟೇ. ಪಟ್ಟಿ ಮಾಡುವವರ ಕಣ್ಣಿಗೆ ಎಲ್ಲವೂ ಕಾಣುವುದಿಲ್ಲ. ನನ್ನ ಹಾಗೆ ಅವರಿಗೂ ಅರ್ಧ ಪರದೆಯೇ.

ಇಷ್ಟೊತ್ತು ಆರಿಸುವವರ ತಪ್ಪು ಎಣಿಸಿದೆ. ಈಗ ನನ್ನ ತಪ್ಪು ಹೇಳುತ್ತೇನೆ.

ನನ್ನ ಮಗಳು ಹುಟ್ಟಿದ್ದು 2002ರಲ್ಲಿ. ಸಣ್ಣಾಕೆ ಇದ್ದಾಗ ಓಣಿಯ ಹುಡುಗರ ಜೊತೆ ಟೆನ್ನಿಸ್ ಚೆಂಡಿನಲ್ಲಿ ಆಡುತ್ತಿದ್ದಳು. ಚೆಂಡು ಬೆರಳಲ್ಲಿ ತಿರುವಿ ಹಾಕುತ್ತಿದ್ದಳು, ದೊಡ್ಡ ಹುಡುಗರೂ ತಬ್ಬಿಬ್ಬಾಗುತ್ತಿದ್ದರು. ಹದಿಮೂರಕ್ಕೆ ದೊಡ್ಡಾಕೆ ಆದಳು. ಯಾರೂ ನನಗೆ ಹೇಳಿಕೊಡಲಿಲ್ಲ, ನಾನೇ ಆಕೆಯ ಕೈಯಿಂದ ಬ್ಯಾಟು ಕಸಿದು ಅಟ್ಟದ ಮೇಲೆ ಹಾಕಿದೆ. “ಸಾಕಿನ್ನ, ಒಳಗ ಬಾ” ಎಂದೆ. ಆಕೆ ಅಳಲಿಲ್ಲ. ಒಳಗೆ ಬಂದು ಕಾಯಿಪಲ್ಲೆ ಹೆಚ್ಚಿದಳು. ಅವತ್ತು ನನಗೆ ಅದು ಒಳ್ಳೆಯ ಮಗಳ ಲಕ್ಷಣ ಎನಿಸಿತ್ತು.

ಈಗ ಆಕೆಯನ್ನು ಅಫಜಲಪುರಕ್ಕೆ ಕೊಟ್ಟಿದ್ದೇವೆ. 2024ರ ಮಾರ್ಚ್ 17ರ ರಾತ್ರಿ ಫೋನು ಬಂತು. ಬೆಂಗಳೂರಿನ ಹೆಣ್ಣುಮಕ್ಕಳ ತಂಡ ದೆಹಲಿಯ ಮೇಲೆ ಫೈನಲ್ಲು ಆಡುತ್ತಿತ್ತು. ನಮ್ಮ ಕಲಬುರ್ಗಿ ಮೂಲದ ಹುಡುಗಿ ಶ್ರೇಯಾಂಕಾ ಪಾಟೀಲ್ ವಿಕೆಟ್ಟಿನ ಮೇಲೆ ವಿಕೆಟ್ ತೆಗೆಯುತ್ತಿದ್ದಳು. 12 ರನ್ನಿಗೆ 4 ವಿಕೆಟ್! ಗಂಡಸರು ಹದಿನಾರು ವರ್ಷ ತಾರದ ಕಪ್ಪನ್ನು ಈ ಹುಡುಗಿಯರು ಎರಡನೆಯ ವರ್ಷಕ್ಕೇ ತಂದರು.

“ಅವ್ವಾ, ಟೀವಿ ನೋಡ್ಲಾಕತ್ತೀ?” ಎಂದಳು ಮಗಳು.

“ಹೂಂ, ನೋಡ್ಲಾಕತ್ತೀನಿ.”

“ಆಕಿನೂ ಆಫ್ ಸ್ಪಿನ್ನೇ ಹಾಕ್ತಾಳ. ಆಕಿನೂ ಎರಡು ಸಾವಿರದ ಎರಡರಾಗೇ ಹುಟ್ಟ್ಯಾಳ.”

ಅಷ್ಟೇ ಅಂದದ್ದು. ಬೈದಿದ್ದರೆ ಚೆನ್ನಾಗಿತ್ತು. ನನ್ನ ಮಗಳು ಶ್ರೇಯಾಂಕಾ ಆಗುತ್ತಿದ್ದಳು ಎಂದು ನಾನು ಹೇಳುತ್ತಿಲ್ಲ. ಸಾವಿರದಲ್ಲಿ ಒಬ್ಬಳು ಹಾಗಾಗುವುದು. ಆದರೆ ಆಡಿ ಸೋಲುವುದು ಬೇರೆ, ಪಟ್ಟಿಯಿಂದ ಅವ್ವನೇ ಹೆಸರು ಹೊಡೆದು ಹಾಕುವುದು ಬೇರೆ.

ನಮ್ಮ ಕಡೆಯ ಹುಡುಗಿಯರಿಗೆ ಆಗದು ಎನ್ನಬೇಡಿ. ಅಫಜಲಪುರಕ್ಕೆ ತಾಗಿಯೇ ಇರುವ ವಿಜಯಪುರ ಜಿಲ್ಲೆಯ ರಾಜೇಶ್ವರಿ ಗಾಯಕ್ವಾಡ್ 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನವರ 5 ವಿಕೆಟ್ಟನ್ನು ಬರೀ 15 ರನ್ನಿಗೆ ತೆಗೆದಳು. ಭಾರತದ ಹೆಣ್ಣುಮಕ್ಕಳ ಮೊದಲ ಟೆಸ್ಟ್ ನಾಯಕಿ ನಮ್ಮ ರಾಜ್ಯದ ಪರ ಆಡಿದ ಶಾಂತಾ ರಂಗಸ್ವಾಮಿ ಅವರು, ಅದೂ 1976ರಲ್ಲಿ. ನಾನು ಹುಟ್ಟುವ ಮೊದಲೇ! ಇದು ಗೊತ್ತಿದ್ದರೂ ಬ್ಯಾಟು ಅಟ್ಟಕ್ಕೆ ಹಾಕುತ್ತಿದ್ದೆನೇನೋ, ಆದರೆ ಎರಡು ಸಲ ಯೋಚಿಸಿ ಹಾಕುತ್ತಿದ್ದೆ.

ನನ್ನ ತವರು ಜೇವರ್ಗಿ. ಅಲ್ಲಿ ನಮ್ಮಣ್ಣನ ಮಗಳಿಗೆ ಈಗ ಹದಿಮೂರು. ಬೇಸಿಗೆ ರಜೆಯಲ್ಲಿ ಕಲಬುರ್ಗಿಯಲ್ಲಿ ಕ್ರಿಕೆಟ್ ಕಲಿಸುತ್ತಾರೆ, ಹೋಗುತ್ತೇನೆ ಎಂದು ಹಟ ಹಿಡಿದಿದ್ದಳು. ಅಣ್ಣ ಒಪ್ಪಲಿಲ್ಲ. ಯುಗಾದಿಗೆ ಹೋದಾಗ ನಾನೇ ಮಾತು ತೆಗೆದೆ.

“ಜನ ಏನಂತಾರ ತಂಗಿ?” ಎಂದ ಅಣ್ಣ.

“ಜನ ನನಗ ಏನೂ ಅನ್ನಲಿಲ್ಲಣ್ಣ. ನಾನೇ ಅಂದುಕೊಂಡು ಮಗಳನ್ನ ಒಳಗ ಕರೆದೆ. ಈಗ ಆಕಿ ಏನೂ ಅನ್ನಲ್ಲ, ಅದೇ ನನಗ ಕುತಿಗಿಗೆ ಬಂದದ” ಎಂದೆ.

“ದಿನಾ ನಲವತ್ತು ಕಿಲೋಮೀಟರ್ ಹೋಗಿ ಬರೋದಂದ್ರ ಖರ್ಚು?”

“ಹೆಣ್ಣುಮಕ್ಕಳಿಗೆ ಬಸ್ಸು ಬಿಟ್ಟಿ ಆಗಿ ಎಷ್ಟು ದಿನ ಆಯ್ತು!” ಎಂದರು ವೈನಿ, ಅಡಿಗೆಮನೆಯಿಂದಲೇ. ಅಷ್ಟು ಹೊತ್ತು ಸುಮ್ಮನಿದ್ದವರು! “ಅತ್ತಿಯವರು ಜೊತಿಗೆ ಹೋಗ್ತಾರ. ಅವರಿಗೂ ಬಿಟ್ಟಿ” ಎಂದೂ ಸೇರಿಸಿದರು.

ನಮ್ಮವ್ವನಿಗೆ ಎಪ್ಪತ್ತರ ಮೇಲಾಗಿದೆ. ಒಂದು ತಿಂಗಳು ದಿನವೂ ಮೊಮ್ಮಗಳ ಜೊತೆ ಬಸ್ಸು ಹತ್ತಿ, ಮೈದಾನದ ಬೇವಿನ ಗಿಡದ ಕೆಳಗೆ ಬತ್ತಿ ಹೊಸೆಯುತ್ತ ಕುಳಿತಳು. ಅಟ್ಟದ ಬ್ಯಾಟನ್ನು ನನ್ನ ಮಗಳೇ ಇಳಿಸಿ, ಒರೆಸಿ, ಎಣ್ಣೆ ಸವರಿ ಕಳಿಸಿದಳು. ಹಿಡಿಕೆಗೆ ಹೊಸ ರಬ್ಬರೂ ಹಾಕಿಸಿದ್ದಳು.

ಕೊನೆಯ ದಿನ ಅವರವರಲ್ಲೇ ಒಂದು ಮ್ಯಾಚು ಇಟ್ಟಿದ್ದರು. ಆರಿಸಿದ ಹನ್ನೊಂದು ಜನರಲ್ಲಿ ನಮ್ಮ ಹುಡುಗಿಯ ಹೆಸರು ಬರಲಿಲ್ಲ. ಹನ್ನೆರಡನೆಯವಳಾಗಿ ನೀರಿನ ಬಾಟಲಿ ಹೊತ್ತಳಂತೆ. ಬೇಸರ ಮಾಡಿಕೊಂಡಿರುತ್ತಾಳೆ ಎಂದು ನಾನು ಫೋನು ಮಾಡಿದರೆ, ಆಕೆಯೇ ನನಗೆ ಸಮಾಧಾನ ಹೇಳಿದಳು. “ಅತ್ತೀ, ಪಾಟೀದಾರನ ಹೆಸರೂ ಮೊದಲ ಪಟ್ಟಿಯೊಳಗ ಇದ್ದಿದ್ದಿಲ್ಲಲ್ಲ, ನೀವೇ ಹೇಳೀರಿ.”

ಸೋದರಿಯರೇ, ನಿಮ್ಮ ಮನೆಯ ಅಟ್ಟದ ಮೇಲೆ ಏನಿದೆ? ಬ್ಯಾಟೇ ಇರಬೇಕೆಂದಿಲ್ಲ. ಗೆಜ್ಜೆಯೋ, ತಬಲವೋ, ಓದು ಬಿಡಿಸಿದಾಗ ಕಟ್ಟಿಟ್ಟ ಪುಸ್ತಕಗಳೋ ಇರಬಹುದು. ದೀಪಾವಳಿಯ ಜಾಡು ಹೊಡೆಯುವವರೆಗೆ ಕಾಯಬೇಡಿ, ಈ ವಾರವೇ ಹತ್ತಿ ನೋಡಿ. ನೋಡಿ ನನಗೊಂದು ಕಾಗದ ಬರೆಯಿರಿ.

ಮುಂದಿನ ಸಂಚಿಕೆಯಲ್ಲಿ ಶೇಂಗಾ ಹಿಂಡಿ ತಿಂಗಳುಗಟ್ಟಲೆ ಕೆಡದಂತೆ ಕುಟ್ಟುವ ಬಗೆ ಹೇಳುತ್ತೇನೆ.

ಇತಿ,
ನಿಮ್ಮ ಆಳಂದದ ಅಕ್ಕ